ಗುರುವಾರಕ್ಕೇ ಸಿಗುವ ಕಾರು

ಶರ್ಟಿನ ಜೇಬಿಗೆ ಅಳತೆಯ ಟೇಪು ಹಾಕಿಕೊಂಡದ್ದನ್ನು ಹೆಂಡತಿ ನೋಡಿಬಿಟ್ಟಳೇನೋ ಎಂದು ಅವನಿಗೆ ನಾಚಿಕೆಯಾಯಿತು. ನೋಡಿದ್ದರೂ ಅವಳೇನೂ ಅನ್ನುತ್ತಿರಲಿಲ್ಲ. ಈಚೆಗೆ ಅವಳು ಯಾವುದಕ್ಕೂ ಏನೂ ಅನ್ನುವುದಿಲ್ಲ. ಬೆಳಗಿನಿಂದ ಅವನನ್ನು ಒಂದು ಕಡೆ ಕೂರಲು ಬಿಡದೆ ಇದ್ದದ್ದೂ ಅದೇ. ಬಾಗಿಲ ಬಳಿ ಬಗ್ಗಿ ಚಪ್ಪಲಿಯ ಪಟ್ಟಿ ಬಿಗಿಯುತ್ತಿದ್ದವಳ ಬೆನ್ನನ್ನು ನೋಡುತ್ತ, ಇವತ್ತು ಸಂಜೆಯೊಳಗೆ ಹೇಳಿಯೇಬಿಡಬೇಕು ಅಂದುಕೊಂಡ. ಹೇಳಬೇಕಾದದ್ದು ಒಂದೇ ಮಾತು. ಹೋಗಬೇಡ. ಇಪ್ಪತ್ತೆರಡು ವರ್ಷದಿಂದ ಜನಕ್ಕೆ ಕಾರು ಓಡಿಸಲು ಕಲಿಸಿ ಹೊಟ್ಟೆ ಹೊರೆದವನು, ದಿನಕ್ಕೆ ಎಂಟು ಗಂಟೆ ಬಾಯಿ ಮುಚ್ಚದೆ ಮಾತಾಡಿ ಎಲ್ಲರ ಬಾಯಲ್ಲೂ ಗೇರ್ ಮೇಷ್ಟ್ರು ಅನ್ನಿಸಿಕೊಂಡವನು. ಅಂಥವನ ಗಂಟಲಲ್ಲಿ ಆ ಒಂದು ಮಾತು ಎರಡು ತಿಂಗಳಿನಿಂದ ಕೂತುಬಿಟ್ಟಿತ್ತು. ಅದರ ಬದಲಿಗೆ ಅವನು ಕಾರುಗಳ ವಿಷಯ ಮಾತಾಡಿದ್ದ. ಮಾತಾಡಿದ್ದೇ ಮಾತಾಡಿದ್ದು.

ಕಾರು ಅವಳಿಗೆ. ಆಸ್ಪತ್ರೆಯ ಲ್ಯಾಬಿನಲ್ಲಿ ಹದಿನೈದು ವರ್ಷ ರಕ್ತ ಪರೀಕ್ಷೆ ಮಾಡಿಕೊಂಡಿದ್ದವಳನ್ನು, ನಾಲ್ಕು ಗಂಟೆ ದಾರಿಯ ಇನ್ನೊಂದು ಊರಿನವರು ತಮ್ಮ ರಕ್ತನಿಧಿ ನೋಡಿಕೊಳ್ಳಲು ಕರೆದಿದ್ದರು. ಸುತ್ತಮುತ್ತ ಓಡಾಡಿ ಶಿಬಿರ ನಡೆಸಬೇಕು, ಸ್ವಂತ ಗಾಡಿ ಬೇಕೇ ಬೇಕು, ಗಾಡಿ ಕೈಗೆ ಬಂದ ಕೂಡಲೇ ಬಂದು ಸೇರಿಕೊಳ್ಳಿ ಎಂದು ಬರೆದಿದ್ದರು. ಅವಳು ಹೋಗಿ ಅಲ್ಲಿ ಮನೆ ನೋಡಿಕೊಂಡೂ ಬಂದಿದ್ದಳು. ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆ ಕಟ್ಟೆ. "ವಾರಕ್ಕೊಂದ್ಸಲ ಬರ್ತೀಯಲ್ಲ?" ಎಂದು ಕೇಳಿದ್ದಕ್ಕೆ "ನೋಡೋಣ" ಅಂದಿದ್ದಳು. ನೋಡೋಣ ಅನ್ನುವುದು ಅವರ ಮನೆಯಲ್ಲಿ ಇಲ್ಲ ಅನ್ನುವುದಕ್ಕಿದ್ದ ಮರ್ಯಾದಸ್ಥ ಮಾತು. ನೆಂಟರಿಗೆಲ್ಲ ಕೆಲಸದ ಸಲುವಾಗಿ ಅಂತ ಹೇಳಿಯಾಗಿತ್ತು. ಆದರೆ ಅವನ ಅತ್ತೆ ಫೋನಿನಲ್ಲಿ "ಒಳ್ಳೇದೇ ಆಯ್ತು ಬಿಡಿ" ಅಂದದ್ದನ್ನು ಅವನು ಎರಡು ದಿನ ಬಾಯಲ್ಲಿ ಸಿಕ್ಕ ಕಲ್ಲಿನ ಹಾಗೆ ಹೊರಳಿಸಿದ್ದ. ಜಗಳವೆಂಬುದೇನೂ ಆಗಿರಲಿಲ್ಲ. ಆಗಿದ್ದರೆ ಕ್ಷಮೆ ಕೇಳಲು ಒಂದು ಜಾಗವಾದರೂ ಇರುತ್ತಿತ್ತು.

ಕೊಳ್ಳಲು ನೋಡಿಟ್ಟ ಕಾರು ಎರಡು. ಎರಡೂ ಪುಟ್ಟ ಎಸ್‌ಯುವಿಗಳು, ಹೆಚ್ಚುಕಮ್ಮಿ ಒಂದೇ ಉದ್ದ, ಒಂದೇ ಅಗಲ. ಮೊದಲ ದಿನ ಚಿತ್ರ ನೋಡಿದಾಗ ಅವಳೇ ಹೆಸರಿಟ್ಟಿದ್ದಳು: ಮುಂದೆ ಎದೆ ಉಬ್ಬಿಸಿಕೊಂಡು ನಿಂತದ್ದು ಗೂಳಿ, ಗುಂಡು ಕಣ್ಣಿನದು ಅಳಿಲು. ಆ ದಿನ ಇಬ್ಬರೂ ನಕ್ಕಿದ್ದರು, ಅಡುಗೆಮನೆಯ ಮೇಜಿನ ಮೇಲೆ ತಲೆಗೆ ತಲೆ ತಾಗುವಷ್ಟು ಹತ್ತಿರ ಬಗ್ಗಿ. ಆ ನಗುವಿನ ಆಸೆಗೇ ಅವನು ಮಾರನೆಯ ದಿನ ಒಂದು ನೋಟ್‌ಪುಸ್ತಕ ತಂದು ನಡುವೆ ಗೆರೆ ಎಳೆದು ಹೋಲಿಸಲು ಕೂತ. ನೆಲದಿಂದ ಎತ್ತರ, ಡಿಕ್ಕಿಯ ಜಾಗ, ಹಿಂದಿನ ಗಾಜಿನ ಅಗಲ, ತಿರುಗಿಸಲು ಬೇಕಾಗುವ ಜಾಗ, ಸೀಟಿನ ಎತ್ತರ. ಬರೆದು ಅಳಿಸಿ ಮತ್ತೆ ಬರೆದು ಕಾಗದ ಅಲ್ಲಲ್ಲಿ ತೂತಾಗಿತ್ತು. ಪ್ರತಿ ಸಲವೂ ಹೇಗೋ ಗೂಳಿಯೇ ಗೆಲ್ಲುತ್ತಿತ್ತು. ಒಂದು ವಿಷಯವನ್ನು ಮಾತ್ರ ಅವನು ಪುಸ್ತಕದಲ್ಲಿ ಬರೆದಿರಲಿಲ್ಲ. ಅಳಿಲು ಶೋರೂಮಿನಲ್ಲೇ ನಿಂತಿತ್ತು, ಇವತ್ತು ಹೂಂ ಅಂದರೆ ಗುರುವಾರಕ್ಕೇ ಮನೆಗೆ. ಗೂಳಿ ಬೇಕೆಂದರೆ ಮೂರು ತಿಂಗಳು ಕಾಯಬೇಕಿತ್ತು. ಮೂರು ತಿಂಗಳಲ್ಲಿ ಏನು ಬೇಕಾದರೂ ಆಗಬಹುದು ಎಂದು ಅವನ ಲೆಕ್ಕ. ಏನಾಗಬಹುದು ಎಂಬುದು ಅವನಿಗೇ ಗೊತ್ತಿರಲಿಲ್ಲ.

ಗೂಳಿಯ ಶೋರೂಮಿನಲ್ಲಿ ಟೈ ಕಟ್ಟಿದ್ದ ಮಾರಾಟದವನು ಹಲ್ಲು ಬಿಟ್ಟುಕೊಂಡು ಬಂದು ಕೀ ತೆಗೆದು ನೆಟ್ಟಗೆ ಅವನ ಕೈಗೆ ಕೊಟ್ಟ. ಅವನು ಅದನ್ನು ಹೆಂಡತಿಗೆ ದಾಟಿಸಿದ. "ಓಹೋ, ಮೇಡಂ ಓಡಿಸ್ತಾರಾ? ಹಾಗಾದ್ರೆ ಸಾರ್ ನೀವು ಪಕ್ಕದಲ್ಲೇ ಕೂತ್ಕೊಳ್ಳಿ, ಅವ್ರಿಗೆ ಧೈರ್ಯ," ಎಂದು ಮಾರಾಟದವನು ತಾನು ಹಿಂದೆ ಹತ್ತಿದ. ಹೆಂಡತಿ ಸೀಟನ್ನು ಮೇಲೆತ್ತಿದಳು, ಇನ್ನೂ ಎತ್ತಿದಳು, ಇನ್ನು ಎತ್ತಲು ಬಾರದು ಎಂಬಲ್ಲಿಗೆ ನಿಲ್ಲಿಸಿ ಕತ್ತು ಚಾಚಿ ಬಾನೆಟ್ಟಿನ ಆಚೆ ನೋಡಿದಳು. ಕುಳ್ಳಿ. ಬಾನೆಟ್ಟಿನ ಮೂಲೆ ಅವಳಿಗೆ ಕಾಣುವುದಿಲ್ಲ ಎಂಬುದು ಅವನಿಗೆ ಹತ್ತುವ ಮೊದಲೇ ಗೊತ್ತಿತ್ತು. ಪುಸ್ತಕದಲ್ಲಿ ಆ ಸಾಲಿಗೆ 'ಮುಂಭಾಗ ಗಂಭೀರ' ಎಂದು ಬರೆದಿದ್ದ. ಕಾರು ರಸ್ತೆಗಿಳಿಯಿತು. ಕ್ಲಚ್ ಗಟ್ಟಿ; ಒತ್ತುವಾಗಲೆಲ್ಲ ಅವಳ ಸೊಂಟ ಸೀಟಿನಿಂದ ಒಂಚೂರು ಜಾರುತ್ತಿತ್ತು. ಮುಂದೆ ಒಂದು ಸೈಕಲ್ ಅಡ್ಡ ಬಂತು, ಅವನ ಕಾಲು ತಾನೇ ಹೋಗಿ ನೆಲಹಾಸನ್ನು ಒತ್ತಿತು. ಅವನ ಕಲಿಕೆಯ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಬ್ರೇಕ್ ಇದೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ಅಪಘಾತವೂ ಆಗದಂತೆ ಕಾಪಾಡಿದ ಕಾಲು ಅದು, ಅದಕ್ಕೆ ಅವನನ್ನು ಕೇಳುವ ಅಭ್ಯಾಸವಿಲ್ಲ. "ಕ್ಲಚ್ ಪೂರ್ತಿ ಒತ್ತು," ಎಂದು ಬಾಯೂ ಅಂದುಬಿಟ್ಟಿತು. ಅವಳು ಆಗಲೇ ಒತ್ತಿಯಾಗಿತ್ತು. ಹಿಂದಿನಿಂದ ಮಾರಾಟದವನು ನಕ್ಕು "ಸಾರ್ ಮನೇಲೂ ಮೇಷ್ಟ್ರೇ ಅನ್ಸುತ್ತೆ" ಅಂದ. ಅವಳು ಕನ್ನಡಿ ನೋಡಿ ಗೇರ್ ಬದಲಾಯಿಸಿದಳು.

ಹನ್ನೊಂದು ವರ್ಷದ ಹಿಂದೆ ಆರೇ ಆರು ದಿನ ಅವಳಿಗೆ ಕಲಿಸಿದ್ದ. ಆರನೆಯ ದಿನ ರಸ್ತೆಯ ಅಂಚಿನಲ್ಲಿ ನಾಯಿಯೊಂದು ದಾಟಲೋ ಬೇಡವೋ ಎಂದು ನಿಂತಿತ್ತು. ಅವನು ತನ್ನ ಕಡೆಯ ಬ್ರೇಕ್ ಒತ್ತಿದ, ಕಾರು ಮುಗ್ಗರಿಸಿ ನಿಂತಿತು. "ನಾನು ನೋಡಿದ್ದೆ," ಅಂದಳು. "ನೋಡಿದ್ರೆ ನಿನ್ನ ಕಾಲು ಹೋಗ್ತಿತ್ತು." "ಹೋಗ್ತಾ ಇತ್ತು." "ಹೋಗ್ಲಿಲ್ಲವಲ್ಲ." ಅವಳು ಕೀ ತೆಗೆದು ಅವನ ತೊಡೆಯ ಮೇಲಿಟ್ಟು ಇಳಿದು ನಡೆದುಕೊಂಡು ಹೊರಟಳು. ಅವನು ಜಾಗ ಬದಲಾಯಿಸಿ ಕೂತು ಅವಳ ಪಕ್ಕದಲ್ಲೇ ಕಾರನ್ನು ತೆವಳಿಸಿಕೊಂಡು, ಕಿಟಕಿಯಿಂದ ಹತ್ತು ಹತ್ತು ಅನ್ನುತ್ತ ಮನೆಯವರೆಗೂ ಬಂದ. ಜನ ನಿಂತು ನೋಡಿದರು. ಅವನಿಗೆ ಅದರಲ್ಲಿ ತಮಾಷೆ ಕಂಡಿತು. ಮಾರನೆಯ ವಾರ ಕಲಿಯಲು ಬಂದ ಹೆಂಗಸೊಬ್ಬಳು ಸ್ಟಿಯರಿಂಗ್ ಹಿಡಿದು ಗಡಗಡ ನಡುಗುತ್ತಿದ್ದಾಗ, ಹೆದರಬೇಡಿ ಮೇಡಂ, ನನ್ನ ಹೆಂಡತಿಗೆ ಕಲಿಸಿದ ಕತೆ ಕೇಳಿ ಎಂದು ಶುರುಮಾಡಿದ. ಹೆಂಗಸು ನಕ್ಕಳು, ಅವಳ ಭುಜ ಸಡಿಲವಾಯಿತು, ಗೇರ್ ಬಿತ್ತು. ಆಮೇಲೆ ಅದು ಪಾಠದ ಭಾಗವೇ ಆಗಿಹೋಯಿತು. ವರ್ಷ ಹೋದಂತೆ ನಾಯಿ ಹೋಗಿ ಹಸು ಆಯಿತು, ಹಸು ಹೋಗಿ ಗೋಡೆ ಆಯಿತು. ಕೊನೆಕೊನೆಗೆ ಕತೆಯ ಹೆಂಡತಿ ಎರಡೂ ಕೈ ಬಿಟ್ಟು ಕಣ್ಣು ಮುಚ್ಚಿಕೊಂಡು ನೀವೇ ನೋಡ್ಕೊಳ್ಳಿ ಅನ್ನುತ್ತಿದ್ದಳು. ನೂರಾರು ಹೆಂಗಸರು ಆ ಹೆಂಡತಿಯನ್ನು ನೋಡಿ ನಕ್ಕು ಕಾರು ಕಲಿತರು. ಅವರಲ್ಲೊಬ್ಬಳು ಆಸ್ಪತ್ರೆಗೆ ಹೊಸದಾಗಿ ಬಂದ ನರ್ಸು. ಅವಳು ಆ ಕತೆಯನ್ನು ಲ್ಯಾಬಿನಲ್ಲಿ ಎಲ್ಲರ ಮುಂದೆ ಅಭಿನಯಿಸಿ ತೋರಿಸಿದ್ದಳು, ಎದುರಿಗಿದ್ದವಳೇ ಆ ಹೆಂಡತಿ ಎಂದು ತಿಳಿಯದೆ. ಆ ಸಂಜೆ ಬಟ್ಟೆ ಮಡಿಸುತ್ತ ಹೆಂಡತಿ ಕೇಳಿದ್ದು ಒಂದೇ: "ನಾನು ಕಣ್ಣು ಮುಚ್ಕೊಂಡಿದ್ನಾ?" ಅವನು "ಅಯ್ಯೋ, ತಮಾಷೆಗೆ ಹೇಳಿದ್ದು ಮಾರಾಯ್ತಿ" ಅಂದ. ಅವಳು ತಾನೂ ಅವರ ಜೊತೆ ನಕ್ಕೆ ಎಂದು ಹೇಳಿ ಮಡಿಸಿದ ಬಟ್ಟೆ ಒಳಗಿಟ್ಟಳು. ಮಾರನೆಯ ಬೆಳಿಗ್ಗೆ ಇನ್ನೊಬ್ಬಳು ನಡುಗುತ್ತ ಕೂತಿದ್ದಳು, ಅವನು ಮತ್ತೆ ಅದೇ ಕತೆ ಹೇಳಿದ. ಅದನ್ನು ನೆನೆದರೆ ಅವನಿಗೆ ಈಗಲೂ ಕಿವಿ ಬಿಸಿಯಾಗುತ್ತದೆ.

ಗೂಳಿ ವಾಪಸ್ ಬಂದು ನಿಂತಿತು. ಮಾರಾಟದವನು ಹೇಗಿತ್ತು ಮೇಡಂ ಎಂದು ಕೇಳಿದ್ದಕ್ಕೆ ಅವಳು "ಚೆನ್ನಾಗಿದೆ, ದೊಡ್ಡವರ ಗಾಡಿ" ಅಂದಳು. ಅವನು ಮಾತ್ರ ಟೇಪು ತೆಗೆದು, ಅಳೆದದ್ದನ್ನೇ ಅಳೆದ. ಎರಡು ಶೋರೂಮುಗಳೂ ಒಂದೇ ರಸ್ತೆಯಲ್ಲಿ, ನಡುವೆ ಟಯರ್ ಅಂಗಡಿ ಒಂದು. ಅದನ್ನು ದಾಟುವಾಗ ಅವಳು ಅವನಿಗಿಂತ ನಾಲ್ಕು ಹೆಜ್ಜೆ ಮುಂದಿದ್ದಳು. ಅವಳಿಗೆ ಲೈಸೆನ್ಸ್ ಇದೆ ಎಂಬುದೇ ಅವನಿಗೆ ತಿಳಿದದ್ದು ಹೀಗೇ ದೂರದಿಂದ. ನಾಲ್ಕು ವರ್ಷದ ಹಿಂದೆ ಟೆಸ್ಟ್ ಕೊಡುವ ಮೈದಾನಕ್ಕೆ ತನ್ನ ಐವರು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿದ್ದ. ಆ ಕಡೆ ನಿಂತಿದ್ದದ್ದು ಎದುರಾಳಿ ಡ್ರೈವಿಂಗ್ ಸ್ಕೂಲಿನ ಹಳದಿ ಕಾರು, ಒಬ್ಬ ಮುದುಕಿ ನಡೆಸುವ ಸ್ಕೂಲು. ಅವನು ಆ ಮುದುಕಿಯನ್ನು ಎಷ್ಟು ಸಲ ಆಡಿಕೊಂಡಿದ್ದನೋ. ಹಳದಿ ಕಾರು ಕಂಬಗಳ ನಡುವೆ ಹಿಮ್ಮುಖವಾಗಿ ಸರಿಯತೊಡಗಿತು. ಒಂದು ಕಂಬವೂ ಅಲುಗಲಿಲ್ಲ. "ನೋಡ್ರಯ್ಯಾ, ಹೀಗೆ ರಿವರ್ಸ್ ತಗೋಬೇಕು" ಎಂದು ಅವನೇ ತನ್ನವರಿಗೆ ತೋರಿಸಿದ. ಕಾರು ನಿಂತು ಬಾಗಿಲು ತೆರೆದು ಇಳಿದವಳು ಅವನ ಹೆಂಡತಿ. ಇನ್‌ಸ್ಪೆಕ್ಟರು ಫಾರಮ್ಮಿನಲ್ಲಿ ಗಂಡನ ಹೆಸರು ಓದಿ, ತಲೆಯೆತ್ತಿ ಅವನನ್ನು ಹುಡುಕಿ, "ಏನ್ ಮೇಷ್ಟ್ರೇ, ನಿಮ್ಮ ಮೇಲೆ ನಿಮ್ಮನೆಯವರಿಗೇ ನಂಬಿಕೆ ಇಲ್ವಲ್ಲ" ಎಂದು ಮೈದಾನಕ್ಕೆಲ್ಲ ಕೇಳುವಂತೆ ನಕ್ಕ. ಅವನೂ ನಕ್ಕ. ಆ ದಿನ ಅವನ ಐವರಲ್ಲಿ ಮೂವರು ಫೇಲಾದರು. ಮನೆಗೆ ಬಂದು ಅವಳು ಹೇಳಿದಳು: "ಹೇಳಬೇಕು ಅಂತಾನೇ ಇದ್ದೆ." ಅವನು "ಸಂತೋಷ" ಅಂದ. ಚೆನ್ನಾಗಿ ಓಡಿಸಿದೆ ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಮರ್ಯಾದೆ ಹೋದ ಸಂಕಟದಲ್ಲಿ ಅದನ್ನು ನುಂಗಿಕೊಂಡ. ಆಮೇಲೆ ನಾಲ್ಕು ವರ್ಷ ಅವಳು ಲೈಸೆನ್ಸನ್ನು ಬೀರುವಿನಲ್ಲಿಟ್ಟಳು. ಅವನ ಕಾರನ್ನು ಒಮ್ಮೆಯೂ ಮುಟ್ಟಲಿಲ್ಲ, ಅವನೂ ಒಮ್ಮೆಯೂ ಮುಟ್ಟು ಅನ್ನಲಿಲ್ಲ.

ಅಳಿಲಿನ ಶೋರೂಮಿನಲ್ಲಿ ನಡುವಯಸ್ಸಿನ ಹೆಂಗಸು, ಕನ್ನಡಕ ಹಣೆಯ ಮೇಲೆ. ಅವಳು ಯಾರು ಓಡಿಸ್ತೀರಿ ಎಂದು ಮೊದಲು ಕೇಳಿ, ಕೀಯನ್ನು ಹೆಂಡತಿಗೆ ಕೊಟ್ಟು, ತಾನು ಮುಂದೆ ಕೂತಳು. "ಸಾರ್, ನೀವು ಹಿಂದೆ." ಅವನು ಹಿಂದೆ ಕೂತ. ಕಾರಿನಲ್ಲಿ ಹಿಂದೆ ಕೂತು ಎಷ್ಟು ವರ್ಷವಾಗಿತ್ತೋ, ಮಂಡಿ ಎಲ್ಲಿಡುವುದು ಎಂದೇ ತೋಚಲಿಲ್ಲ. ಇಲ್ಲಿ ಸೀಟನ್ನು ಎತ್ತುವ ಕೆಲಸವೇ ಬೀಳಲಿಲ್ಲ, ಹೆಂಡತಿ ಕೂತಳು, ಎದುರಿನದೆಲ್ಲ ಅವಳಿಗೆ ಕಂಡಿತು, ಹೊರಟಳು. ಅವನಿಗೆ ಕಾಣುತ್ತಿದ್ದದ್ದು ಅವಳ ಕತ್ತು, ಒಂದು ಕಿವಿ, ಕಿವಿಯ ಹಿಂದೆ ಬೆಳ್ಳಗಾದ ನಾಲ್ಕು ಕೂದಲು. ಇವು ಯಾವಾಗ ಬೆಳ್ಳಗಾದವು? ದಿನಾ ಎದುರೆದುರು ಕೂತು ಉಂಡವನಿಗೆ ಗೊತ್ತಾಗಿರಲಿಲ್ಲ. ಸಿಗ್ನಲ್ಲಿನಲ್ಲಿ ನಿಂತಳು, ಸಂದಿಯಿಂದ ನುಗ್ಗಿದ ಸ್ಕೂಟರಿಗೆ ದಾರಿ ಬಿಟ್ಟಳು, ಲಾರಿಯ ಹಿಂದೆ ತಾಳ್ಮೆಯಿಂದ ಹೋಗಿ ಜಾಗ ಸಿಕ್ಕಾಗ ಸದ್ದಿಲ್ಲದೆ ದಾಟಿದಳು. ಅವನ ಬಾಯಿಗೆ ಹೇಳಲು ಏನೂ ಸಿಗಲಿಲ್ಲ. ಮುಂದೆ ಕೂತ ಹೆಂಗಸು ಏನೋ ಅಂದಳು, ಹೆಂಡತಿ ನಕ್ಕಳು. ಅಡುಗೆಮನೆಯ ಮೇಜಿನ ಮೇಲೆ ನಕ್ಕ ಅದೇ ನಗು, ಅದಕ್ಕೆ ಅವನು ಬೇಕಾಗಿರಲಿಲ್ಲ. ಕನ್ನಡಿಯಲ್ಲಿ ಅವಳ ಕಣ್ಣು ಆಗಾಗ ಬರುತ್ತಿತ್ತು. ತನ್ನನ್ನು ನೋಡುತ್ತಿದ್ದಾಳೆ ಎಂದುಕೊಂಡು ಅವನು ಮೊದಲು ಮುಖಕ್ಕೆ ಒಂದು ನಗು ಕೂಡ ತಂದುಕೊಂಡ. ಅವಳು ನೋಡುತ್ತಿದ್ದದ್ದು ಅವನ ತಲೆಯ ಪಕ್ಕದಿಂದ ಹಿಂದಿನ ರಸ್ತೆಯನ್ನು. ಸರಿಯಾಗಿಯೇ ನೋಡುತ್ತಿದ್ದಳು, ಅವನು ಎಲ್ಲರಿಗೂ ಕಲಿಸುವ ಹಾಗೆ, ಹತ್ತು ಸೆಕೆಂಡಿಗೊಮ್ಮೆ. ಇವಳು ಆ ದಿನ ನಾಯಿಯನ್ನು ನೋಡಿದ್ದಳು. ಖಂಡಿತ ನೋಡಿದ್ದಳು. ಹನ್ನೊಂದು ವರ್ಷ ತಡವಾಗಿ ಅದು ಅವನಿಗೆ ಗೊತ್ತಾಯಿತು, ಗೊತ್ತಾದದ್ದೇ ಅಳು ಒತ್ತಿಬಂದು, ಕಿಟಕಿಯ ಕಡೆ ಮುಖ ಮಾಡಿ ಅಂಗಡಿಗಳ ಬೋರ್ಡುಗಳನ್ನು ಒಂದೊಂದಾಗಿ ಓದಿದ.

ವಾಪಸ್ ಬಂದ ಮೇಲೆ ಅವಳು ಐದು ನಿಮಿಷ ಎಂದು ಶೋರೂಮಿನವಳಿಗೆ ಹೇಳಿ ಹೊರಗೆ ಬಂದಳು. ಟಯರ್ ಅಂಗಡಿಯ ಮುಂದೆ ಒಂದು ಬೆಂಚು; ಇಬ್ಬರೂ ಕೂತರು. ಒಳಗೆ ಯಾರೋ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ತೂತು ಹುಡುಕುತ್ತಿದ್ದರು.

"ಈಗ ಹೇಳಿ. ಯಾವುದು?"

ಅವನು ನೋಟ್‌ಪುಸ್ತಕ ತೆರೆದ. "ನೋಡು, ನೆಲದಿಂದ ಎತ್ತರ ಗೂಳಿಗೇ ಜಾಸ್ತಿ. ನೀನು ಶಿಬಿರಕ್ಕೆ ಅಂತ ಹಾಳು ರಸ್ತೇಲೆಲ್ಲ ಹೋಗೋಳು. ಡಿಕ್ಕೀನೂ..."

"ಪುಸ್ತಕ ಮುಚ್ಚಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನಿಮ್ಮ ಹತ್ರ ಕಲಿತ ಯಾರೋ ಹೆಂಗಸು ಬಂದು ಕೇಳಿದ್ರೆ ಏನು ಹೇಳ್ತಿದ್ರಿ, ಅದನ್ನ ಹೇಳಿ. ನೀವು ಹೇಳಿದ್ದನ್ನೇ ತಗೋತೀನಿ."

"ನಾನು ಹೇಳಿದ್ದನ್ನೇ?"

"ಹೂಂ. ಆಮೇಲೆ ಮಾತಿಲ್ಲ."

ಮೂರು ತಿಂಗಳು ಅವನ ಕೈಗೆ ತಾನಾಗಿ ಬಂದು ಬಿದ್ದಿತ್ತು. ಗೂಳಿ ಅಂದರಾಯಿತು. ಮೂರು ತಿಂಗಳು ಅವಳು ಎದುರು ಕೂತು ಉಣ್ಣುತ್ತಾಳೆ, ಬೆಳಿಗ್ಗೆ ಸ್ನಾನದ ಮನೆಯಲ್ಲಿ ಅವಳ ಬಳೆಯ ಸದ್ದಾಗುತ್ತದೆ, ಒಂದು ಭಾನುವಾರ ಎಲ್ಲಾದರೂ ಹೋಗಬಹುದು, ಒಂದು ದಿನ ಆ ಕತೆಯ ಬಗ್ಗೆ ತಪ್ಪಾಯಿತು ಅನ್ನಬಹುದು. ಆಮೇಲೆ ಗೂಳಿ ಬರುತ್ತದೆ, ಅವಳು ಕತ್ತು ಚಾಚಿಕೊಂಡು, ಸೊಂಟ ಜಾರಿಸಿಕೊಂಡು, ಕಾಣದ ಮೂಲೆಗೆ ಹೆದರಿಕೊಂಡು ಅದನ್ನು ಓಡಿಸುತ್ತಾಳೆ, ತನಗೇ ಬರುವುದಿಲ್ಲ ಎಂದುಕೊಳ್ಳುತ್ತಾಳೆ, ಸಲಹೆ ಕೇಳಲು ಫೋನ್ ಮಾಡುತ್ತಾಳೆ. ಅದನ್ನು ನೆನೆದು ಒಂದು ಕ್ಷಣ ಅವನಿಗೆ ಹಿತವೂ ಆಯಿತು. ಆ ಹಿತಕ್ಕೇ ಹೇಸಿಕೆಯೂ ಆಯಿತು. ಅವಳು ಕಣ್ಣು ಮುಚ್ಚಿಕೊಂಡಳು ಎಂದು ಊರಿಗೆಲ್ಲ ಹೇಳಿದವನು, ಈಗ ನಿಜವಾಗಿಯೂ ಅವಳ ಕಣ್ಣಿಗೆ ಅಡ್ಡ ಏನನ್ನೋ ಇಡಲು ಹೊರಟಿದ್ದ.

"ಅಳಿಲು," ಅಂದ. "ಎರಡನೇ ಮಾತೇ ಇಲ್ಲ. ಗೂಳೀಲಿ ನಿಂಗೆ ಮುಂದಿನ ಮೂಲೆ ಕಾಣಲ್ಲ. ಕ್ಲಚ್ಚೂ ಗಟ್ಟಿ, ದಿನಾ ಓಡಿಸಿದ್ರೆ ಮಂಡಿ ಹೋಗುತ್ತೆ. ಇದರಲ್ಲಿ ನೀನು..." ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟ. "ಇದರಲ್ಲಿ ತುಂಬ ಚೆನ್ನಾಗಿ ಓಡಿಸಿದೆ. ನಂಗೆ ಹೇಳೋಕೆ ಒಂದು ತಪ್ಪೂ ಸಿಗ್ಲಿಲ್ಲ."

ಅವಳು ಅವನನ್ನೇ ನೋಡಿದಳು. ಸಂತೋಷಪಡುತ್ತಾಳೆ ಎಂದುಕೊಂಡಿದ್ದ. ಅವಳ ಮುಖದಲ್ಲಿ ಕಂಡದ್ದು ಸಂತೋಷವಲ್ಲ. ರೈಲು ತಪ್ಪಿದವರು ಪ್ಲಾಟ್‌ಫಾರಮ್ಮಿನಲ್ಲಿ ನಿಂತಿರುತ್ತಾರಲ್ಲ, ಹಾಗೆ ಕೂತಿದ್ದಳು. ಆಮೇಲೆ "ಸರಿ" ಎಂದು ಎದ್ದಳು. ಒಳಗೆ ಹೋಗಿ ಸಹಿ ಮಾಡುವಾಗ ಶೋರೂಮಿನ ಹೆಂಗಸು, ಗಾಡಿಯನ್ನು ಬೇರೆ ಯಾರಾದರೂ ಓಡಿಸುವುದುಂಟೇ, ವಿಮೆಗೆ ಬರೆಯಬೇಕು ಎಂದು ಕೇಳಿದಳು. ಕೇಳುತ್ತ ಅವನ ಕಡೆ ನೋಡಿದಳು. ಅವನು ಗೋಡೆಯ ಮೇಲಿದ್ದ ಬಣ್ಣಗಳ ಪಟ್ಟಿಯನ್ನು ಓದುವವನಂತೆ ನಿಂತ. "ಇಲ್ಲ, ನಾನೊಬ್ಳೇ," ಅಂದಳು ಅವಳು. ಗುರುವಾರ ಹನ್ನೊಂದು ಗಂಟೆಗೆ ಬಂದು ತೆಗೆದುಕೊಂಡು ಹೋಗಿ ಎಂದರು.

ಮನೆಯ ದಾರಿಯಲ್ಲಿ ಅವನು ಓಡಿಸುತ್ತಿದ್ದ, ನೆತ್ತಿಯ ಮೇಲೆ ಸ್ಕೂಲಿನ ಬೋರ್ಡು ಹೊತ್ತ ತನ್ನ ಹಳೆಯ ಕಾರನ್ನು. ದೊಡ್ಡ ಸಿಗ್ನಲ್ಲಿನಲ್ಲಿ ಕೆಂಪು ಬಿತ್ತು. ಅವಳು ಮುಂದಿನ ಗಾಜಿನ ಕಡೆಗೇ ನೋಡುತ್ತ ಮಾತು ತೆಗೆದಳು.

"ಗೂಳಿ ಬರೋಕೆ ಮೂರು ತಿಂಗಳು ಬೇಕು ಅಂತ ನಂಗೆ ಗೊತ್ತಿತ್ತು. ಮೊದಲನೇ ವಾರಾನೇ ಫೋನ್ ಮಾಡಿ ಕೇಳಿದ್ದೆ."

ಅವನು ಕೆಂಪು ದೀಪವನ್ನೇ ನೋಡಿದ.

"ನೀವು ಪುಸ್ತಕದಲ್ಲಿ ಎಲ್ಲಾ ಬರ್ಕೊಂಡು ಅದೊಂದನ್ನ ಬಿಟ್ಟಿದ್ರಿ. ಅದನ್ನ ನೋಡಿ ಒಂದಿನ ಅಡುಗೆಮನೇಲಿ ಕೂತಿದ್ದಾಗ ಅಳು ಬಂತು. ಹೋಗ್ಬೇಡ ಅನ್ನೋಕೆ ಬಾಯಿ ಬರ್ದೆ ಹೀಗೆ ಮಾಡ್ತಿದಾರೆ ಅಂತ." ಬ್ಯಾಗಿನ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡಳು. "ಇವತ್ತು ನೀವು ಗೂಳಿ ಅಂದಿದ್ರೆ ಮೂರು ತಿಂಗಳು ಇರ್ತಿದ್ದೆ. ಇದ್ದು ನೋಡೋಣ ಅಂತಾನೇ ಬಂದಿದ್ದೆ."

ಹಸಿರು ಬಿತ್ತು. ಅವನು ಕಾಲು ತೆಗೆದದ್ದು ಯಾವುದರ ಮೇಲಿಂದಲೋ, ಕಾರು ಒಮ್ಮೆ ನಡುಗಿ ಬಂದ್ ಆಯಿತು. ಹಿಂದಿನಿಂದ ಹಾರನ್ನುಗಳು ಶುರುವಾದವು. ಪಕ್ಕದಿಂದ ದಾಟಿದ ಒಬ್ಬ ಬೋರ್ಡನ್ನೂ ಅವನನ್ನೂ ನೋಡಿ, "ಇನ್ನೂ ಕಲೀತಿದೀಯೇನಪ್ಪಾ ಈ ವಯಸ್ಸಲ್ಲಿ, ಪಕ್ಕಕ್ಕೆ ಹಾಕು," ಎಂದು ಹೋದ. ಅವನು ಕಾರನ್ನು ಹೇಗೋ ಅಂಚಿಗೆ ತಂದು ನಿಲ್ಲಿಸಿದ.

"ಬದಲಾಯಿಸಬಹುದು. ವಾಪಸ್ ಹೋಗೋಣ. ಇನ್ನೂ ಹತ್ತು ನಿಮಿಷ ಆಗಿಲ್ಲ."

"ಬೇಡ."

"ಹೇಳ್ತೀನಿ ಅವ್ರಿಗೆ. ತಪ್ಪಾಯ್ತು ಅಂತೀನಿ."

"ಬೇಡ ಅಂದ್ನಲ್ಲ. ಹನ್ನೊಂದು ವರ್ಷಕ್ಕೆ ಒಂದ್ಸಲ ನಾನು ಓಡಿಸೋದನ್ನ ಸರಿಯಾಗಿ ನೋಡಿ ನಿಜ ಹೇಳಿದ್ರಿ. ಅದನ್ನ ಕೆಡಿಸ್ಬೇಡಿ."

"ಹೋಗಬೇಡ," ಅಂದ ಅವನು. ಮಾತು ಕೊನೆಗೂ ಹೊರಗೆ ಬಂದಿತ್ತು, ಗೊಗ್ಗರು ದನಿಯಲ್ಲಿ, ಬೇರೆ ಯಾರೋ ಅಂದ ಹಾಗೆ. "ನಂಗೆ ಆಗಲ್ಲ. ಹೋಗಬೇಡ."

ಅವಳ ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ. ಕೈ ಚಾಚಿ ಅವನ ಕೈಯ ಮೇಲಿಟ್ಟಳು. ಸೂಜಿ ಚುಚ್ಚುವ ಮುಂಚೆ ಲ್ಯಾಬಿಗೆ ಬಂದವರ ಕೈ ಹಿಡಿದು ಹಿಡಿದು ಅಭ್ಯಾಸವಾದ ಕೈ, ಬೆಚ್ಚಗಿತ್ತು. "ಇದನ್ನ ಬೆಳಿಗ್ಗೆ ಹೇಳ್ಬಾರದಿತ್ತಾ," ಅಂದಳು. ಅದು ಪ್ರಶ್ನೆಯಾಗಿರಲಿಲ್ಲ, ಬೈಗುಳವೂ ಆಗಿರಲಿಲ್ಲ. ಆಮೇಲೆ ಕೈ ತೆಗೆದುಕೊಂಡಳು. ಅವನು ಎರಡನೆಯ ಸಲಕ್ಕೆ ಕಾರು ಶುರುಮಾಡಿದ. ಮನೆಯ ತಿರುವಿನಲ್ಲಿ ಅವಳು ಮೆಲ್ಲಗೆ, ಅವನಿಗೆ ನೋವಾಗದ ಹಾಗೆ ಆರಿಸಿದ ದನಿಯಲ್ಲಿ ಕೇಳಿದಳು:

"ಗುರುವಾರ ಹನ್ನೊಂದಕ್ಕೆ ನಿಮಗೆ ಕ್ಲಾಸ್ ಇರುತ್ತಲ್ವಾ?"

"ಇರುತ್ತೆ," ಅಂದ.

ಹದಿನೇಳು ವರ್ಷದ ಸಂಸಾರದಲ್ಲಿ ಗುರುವಾರ ಅವನಿಗೆ ವಾರದ ರಜೆ. ಅದು ಅವಳಿಗೂ ಗೊತ್ತಿತ್ತು.